ಕೇಬಲ್ ಹಾಕಿದರೂ ಡೆಸ್ಕ್‌ಟಾಪಿಗೆ ನೆಟ್ ಬರುತ್ತಿಲ್ಲ: ಕರಾವಳಿಯ ಮನೆಗಳಿಗೊಂದು ದುರಸ್ತಿ ಮಾರ್ಗದರ್ಶಿ

ಡೆಸ್ಕ್‌ಟಾಪಿನ ನೆಟ್ ನಿಂತಿತೆಂದರೆ ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಸಾಮಾನ್ಯವಾಗಿ ಎರಡರಲ್ಲೊಂದು ನಡೆಯುತ್ತದೆ. ಒಂದೋ ಕೇಬಲಿನವರಿಗೆ ಫೋನ್ ಹೋಗುತ್ತದೆ, ಇಲ್ಲವೇ ಸಿಪಿಯು ಹೊತ್ತುಕೊಂಡು ಅಂಗಡಿಗೆ ಹೋಗಿ ವಿಂಡೋಸ್ ಹೊಸದಾಗಿ ಹಾಕಿಸಿ ತರುತ್ತಾರೆ. ಎರಡೂ ಬೇಕಿಲ್ಲದ ಸಂದರ್ಭಗಳೇ ಹೆಚ್ಚು. ಇಲ್ಲಿ ತಂತಿಯ ನೆಟ್ ಕೆಡುವುದು ಹೆಚ್ಚಾಗಿ ಕಣ್ಣಿಗೆ ಕಾಣುವ ಕಾರಣಗಳಿಂದ: ಸಿಡಿಲು, ಉಪ್ಪು ಗಾಳಿ, ಮಳೆನೀರು, ಇಲಿ, ತಂತಿಯ ಮೇಲೆ ಬಿದ್ದ ತೆಂಗಿನ ಮಡಲು. ಹಾಗಾಗಿ ಕೀಲಿಮಣೆಗೆ ಕೈ ಹಾಕುವ ಮೊದಲು ದೀಪ, ತಂತಿ, ಪಿನ್ನು ನೋಡಿ. ಇನ್ನೊಂದು ನಿಯಮ: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕೇಬಲ್, ಪೋರ್ಟು, ಸೆಟ್ಟಿಂಗು ಮೂರನ್ನೂ ಒಟ್ಟಿಗೆ ಬದಲಿಸಿ ನೆಟ್ ಬಂದರೆ ಕೆಟ್ಟದ್ದು ಯಾವುದೆಂದು ಗೊತ್ತಾಗುವುದಿಲ್ಲ, ಮುಂದಿನ ವಾರ ಅದೇ ತೊಂದರೆ ಮತ್ತೆ ಬರುತ್ತದೆ.

ಮೊದಲು ಮೊಬೈಲು

ದಾರಿಯನ್ನು ಎರಡು ತುಂಡು ಮಾಡಿಕೊಳ್ಳುವುದು ಮೊದಲ ಕೆಲಸ. ಫೋನಿನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ, ಮನೆಯ ವೈಫೈಗೆ ಸೇರಿಸಿ, ಈವರೆಗೆ ತೆರೆಯದ ಯಾವುದಾದರೂ ಜಾಲತಾಣ ತೆರೆದು ನೋಡಿ. ಡೇಟಾ ಆಫ್ ಮಾಡುವುದನ್ನು ಮರೆಯಬೇಡಿ. ವೈಫೈಯಲ್ಲಿ ನೆಟ್ ಇಲ್ಲವೆಂದು ಗೊತ್ತಾದೊಡನೆ ಈಗಿನ ಫೋನುಗಳು ಹೇಳದೆ ಕೇಳದೆ ಸಿಮ್ಮಿನ ಡೇಟಾಕ್ಕೆ ಹಾರುತ್ತವೆ, ನೋಡುವವರು ವೈಫೈ ಸರಿಯಿದೆ ಎಂದುಕೊಳ್ಳುತ್ತಾರೆ. ಮೊದಲೇ ನೋಡಿದ ಪುಟವನ್ನು ತೆರೆದರೆ ಫೋನಿನೊಳಗೆ ಉಳಿದ ಹಳೆಯ ಪ್ರತಿಯೇ ಕಾಣಿಸಬಹುದು.

ವೈಫೈ ಓಡುತ್ತಿದ್ದರೆ ಹೊರಗಿನ ಲೈನು, ಗೋಡೆಯ ಬಾಕ್ಸು, ತಿಂಗಳ ಬಿಲ್ಲು ಎಲ್ಲ ಸರಿ ಇವೆ. ದೋಷ ಇರುವುದು ರೂಟರಿನ ಲ್ಯಾನ್ ಪೋರ್ಟಿನಿಂದ, ಅಂದರೆ ಕೇಬಲ್ ಸಿಕ್ಕಿಸುವ ತೂತಿನಿಂದ, ಡೆಸ್ಕ್‌ಟಾಪಿನೊಳಗಿನವರೆಗಿನ ಕೆಲವೇ ಮೀಟರುಗಳಲ್ಲಿ. ಕೇಬಲಿನವರಿಗೆ ಫೋನ್ ಮಾಡಬೇಕಾಗಿಲ್ಲ. ಮುಂದಿನ ಭಾಗವನ್ನೂ ಓದಬೇಕಾಗಿಲ್ಲ, ಲ್ಯಾನ್ ದೀಪದ ಭಾಗಕ್ಕೆ ಹೋಗಿ. ವೈಫೈಯಲ್ಲೂ ನೆಟ್ ಇಲ್ಲದಿದ್ದರೆ ಡೆಸ್ಕ್‌ಟಾಪನ್ನು ಸದ್ಯಕ್ಕೆ ಬಿಟ್ಟುಬಿಡಿ.

ಗೋಡೆಯ ಬಾಕ್ಸು ಏನು ಹೇಳುತ್ತದೆ

ಈಗ ಹೆಚ್ಚಿನ ಮನೆಗಳಿಗೆ ಬರುವುದು ಫೈಬರ್. ಅದು ಬಂದು ಸೇರುವ ಬಾಕ್ಸಿಗೆ ಓಎನ್‌ಟಿ ಎನ್ನುತ್ತಾರೆ. ಹಲವು ಮನೆಗಳಲ್ಲಿ ವೈಫೈ ರೂಟರೂ ಅದರೊಳಗೇ ಇರುತ್ತದೆ. ಅದರ ಮುಖದಲ್ಲಿ ಪವರ್, ಪಾನ್, ಲಾಸ್, ಇಂಟರ್‌ನೆಟ್, ಲ್ಯಾನ್ ಎಂದು ಸಾಲಾಗಿ ದೀಪಗಳಿವೆ. ಪಾನ್ ದೀಪ ಮಿನುಗದೆ ಸ್ಥಿರವಾಗಿ ಉರಿಯುತ್ತಿದ್ದರೆ ಬಾಕ್ಸಿಗೂ ಆಪರೇಟರಿನ ಯಂತ್ರಕ್ಕೂ ಸಂಪರ್ಕವಿದೆ. ಲಾಸ್ ದೀಪ ಕೆಂಪಗೆ ಮಿನುಗುತ್ತಿದ್ದರೆ ಬೆಳಕೇ ಬಂದು ತಲುಪುತ್ತಿಲ್ಲ.

ಲಾಸ್ ಕೆಂಪಾದಾಗ ಮನೆಯೊಳಗೆ ಮಾಡಬಹುದಾದ್ದು ಸ್ವಲ್ಪವೇ. ಬಾಕ್ಸಿನ ಹಿಂದೆ ಅಥವಾ ಅಡಿಯಲ್ಲಿ ಸಾಮಾನ್ಯವಾಗಿ ಹಸಿರು ಬಣ್ಣದ ಚೌಕ ಕನೆಕ್ಟರ್ ಇರುತ್ತದೆ; ಅದು ಪೂರ್ತಿ ಒಳಗೆ ಕೂತಿದೆಯೇ, ಅದರ ಹಳದಿ ಅಥವಾ ಬಿಳಿ ದಾರದಂಥ ತಂತಿ ಮಂಚದ ಕಾಲಿನಡಿ, ಕಪಾಟಿನ ಹಿಂದೆ ಮಡಚಿ ಸಿಕ್ಕಿಕೊಂಡಿದೆಯೇ ನೋಡಿ. ಗಾಜಿನ ಎಳೆ ತುಂಡಾಗಬೇಕೆಂದಿಲ್ಲ, ಬಿಗಿಯಾಗಿ ಮಡಚಿದರೂ ಸಾಕು, ಬೆಳಕು ತಿರುವಿನಲ್ಲಿ ಸೋರಿಹೋಗುತ್ತದೆ. ಅಂಗೈಯಗಲದ ಸುತ್ತಿಗಿಂತ ಚಿಕ್ಕದಾಗಿ ಸುತ್ತಬೇಡಿ. ಕನೆಕ್ಟರ್ ಬಿಚ್ಚಿದರೆ ಅದರ ತುದಿಯನ್ನು ಬೆರಳಿನಿಂದ ಮುಟ್ಟಬಾರದು, ಶರ್ಟಿನ ತುದಿಯಿಂದ ಒರೆಸಬಾರದು, ಒಳಗೆ ಇಣುಕಲೇಬಾರದು. ಅದರಲ್ಲಿ ಬರುವುದು ಕಣ್ಣಿಗೆ ಕಾಣದ ಲೇಸರ್. ಇಷ್ಟು ನೋಡಿಯೂ ಕೆಂಪು ಹೋಗದಿದ್ದರೆ ಹೊರಗೆ ಕಂಬದಿಂದ ಮನೆಗೆ ಬರುವ ತಂತಿಯ ಮೇಲೆ ಮಡಲೋ ಮರದ ಗೆಲ್ಲೋ ಬಿದ್ದಿದೆಯೇ ಎಂದು ಅಂಗಳದಲ್ಲೇ ನಿಂತು ನೋಡಿ ಆಪರೇಟರಿಗೆ ಹೇಳಿ. ಕರೆಂಟಿನ ತಂತಿಯೂ ಜೊತೆಗೆ ತುಂಡಾಗಿ ಬಿದ್ದಿರುವ ಸಾಧ್ಯತೆ ಇರುವುದರಿಂದ ಕೈ ಹಾಕಬೇಡಿ. ಹಾಗಿದ್ದರೆ ಮೊದಲು ಹೇಳಬೇಕಾದ್ದು ಮೆಸ್ಕಾಂಗೆ.

ಪಾನ್ ಸ್ಥಿರ, ಲಾಸ್ ಆರಿದೆ, ಇಂಟರ್‌ನೆಟ್ ದೀಪ ಮಾತ್ರ ಕೆಂಪು ಅಥವಾ ಆರಿದ್ದರೆ ತಪ್ಪು ಹೆಚ್ಚಾಗಿ ಲೈನಿನದಲ್ಲ, ಲಾಗಿನ್ನಿನದು. ಪ್ಲಾನಿನ ಅವಧಿ ಮುಗಿದಿರುತ್ತದೆ, ಇಲ್ಲವೇ ಬಾಕ್ಸಿನೊಳಗಿನ ಬಳಕೆದಾರ ಹೆಸರು, ಪಾಸ್‌ವರ್ಡ್ ಅಳಿಸಿಹೋಗಿರುತ್ತದೆ. ಈ ಎರಡನೆಯದಕ್ಕೆ ಕಾರಣ ಹೆಚ್ಚಾಗಿ ಮನೆಯವರೇ. ಬಾಕ್ಸಿನ ಹಿಂದೆ ಸೂಜಿಯಿಂದ ಒತ್ತುವ ಸಣ್ಣ ತೂತಿದೆಯಲ್ಲ, ಅದು ರೀಸ್ಟಾರ್ಟ್ ಅಲ್ಲ, ರೀಸೆಟ್. ಹತ್ತು ಸೆಕೆಂಡು ಒತ್ತಿ ಹಿಡಿದರೆ ಆಪರೇಟರ್ ತುಂಬಿಸಿಟ್ಟ ಲಾಗಿನ್, ವಿಲ್ಯಾನ್ ಸಂಖ್ಯೆ, ವೈಫೈ ಹೆಸರು ಎಲ್ಲ ಹೋಗಿ ಬಾಕ್ಸು ಕಾರ್ಖಾನೆಯಿಂದ ಬಂದಂತಾಗುತ್ತದೆ. ಅರ್ಧ ಗಂಟೆಯಲ್ಲಿ ಸರಿಹೋಗಬಹುದಾಗಿದ್ದ ತೊಂದರೆ ಆ ಸೂಜಿಯಿಂದ ಎರಡು ದಿನದ್ದಾಗುತ್ತದೆ. ರೀಸ್ಟಾರ್ಟ್ ಬೇಕಿದ್ದರೆ ಪ್ಲಗ್ಗಿನ ಸ್ವಿಚ್ಚು ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ, ಮೂರು ನಿಮಿಷ ಕಾಯಿರಿ. ಫೈಬರ್ ಬಾಕ್ಸು ಎದ್ದು ಆಪರೇಟರಿನ ಯಂತ್ರದೊಂದಿಗೆ ಮಾತಾಡಿ ಮುಗಿಸಲು ಅಷ್ಟು ಹೊತ್ತು ಬೇಕು. ಒಂದು ನಿಮಿಷಕ್ಕೇ ಮತ್ತೆ ಆಫ್ ಮಾಡಿದರೆ ಕಾದದ್ದೆಲ್ಲ ವ್ಯರ್ಥ.

ಬಾಕ್ಸು ತಾನಾಗಿ ಆಗಾಗ ಆಫ್ ಆಗಿ ಆನ್ ಆಗುತ್ತಿದ್ದರೆ ಅಡಾಪ್ಟರ್ ಮೇಲೆ ಅನುಮಾನ ಪಡಿ. ಕರೆಂಟು ಹೋಗಿ ಬಂದು ಮಾಡುವ ಮಳೆಗಾಲದಲ್ಲಿ ಮೊದಲು ಸೋಲುವುದು ಅದರೊಳಗಿನ ಕೆಪಾಸಿಟರ್. ಮಲ್ಟಿಮೀಟರ್ ಹಿಡಿದರೆ 12 ವೋಲ್ಟ್ ಸರಿಯಾಗೇ ತೋರಿಸಬಹುದು, ಬಾಕ್ಸಿಗೆ ಹಾಕಿ ಕೆಲಸ ಕೊಟ್ಟಾಗ ಮಾತ್ರ ಕುಸಿಯುತ್ತದೆ. ಬದಲಿಸುವಾಗ ಹಳೆಯದರ ಮೇಲೆ ಬರೆದಷ್ಟೇ ವೋಲ್ಟ್, ಅಷ್ಟೇ ಅಥವಾ ಹೆಚ್ಚು ಆಂಪಿಯರ್, ಪಿನ್ನಿನ ಗಾತ್ರ ಮತ್ತು ಪ್ಲಸ್ ಮೈನಸ್ ಅದೇ ಇರಬೇಕು. 12 ವೋಲ್ಟ್ 1 ಆಂಪಿಯರಿನ ಜಾಗಕ್ಕೆ 12 ವೋಲ್ಟ್ 2 ಆಂಪಿಯರ್ ಹಾಕಬಹುದು; ಸೆಟ್‌ಟಾಪ್ ಬಾಕ್ಸಿನ ಪಿನ್ನು ಹಿಡಿಯಿತೆಂದು ಅದರ ವೋಲ್ಟ್ ನೋಡದೆ ಹಾಕಬಾರದು.

ಲ್ಯಾನ್ ದೀಪ

ಈಗ ಡೆಸ್ಕ್‌ಟಾಪಿನ ಹಿಂದಕ್ಕೆ ಬನ್ನಿ. ಕೇಬಲ್ ಸಿಕ್ಕಿಸುವ ತೂತಿನ ಎರಡು ಮೂಲೆಗಳಲ್ಲಿ ಎರಡು ಸಣ್ಣ ದೀಪಗಳಿರುತ್ತವೆ. ಒಂದು ಸಂಪರ್ಕ ಇದೆ ಎಂದು ಹೇಳಿ ಮಾಹಿತಿ ಓಡಾಡುವಾಗ ಮಿನುಗುತ್ತದೆ, ಇನ್ನೊಂದು ವೇಗ ಹೇಳುತ್ತದೆ. ಬಣ್ಣದ ಅರ್ಥ ಒಂದು ಮದರ್‌ಬೋರ್ಡಿನಂತೆ ಇನ್ನೊಂದಕ್ಕಿಲ್ಲ, ಅದನ್ನು ನಂಬಿ ಕೂರಬೇಡಿ. ಉರಿಯುತ್ತಿದೆಯೇ ಇಲ್ಲವೇ ಎಂಬುದಷ್ಟೇ ಮುಖ್ಯ.

ಉರಿಯದಿದ್ದರೆ ಈ ಕ್ರಮದಲ್ಲಿ ಹೋಗಿ.

1. ಎರಡೂ ತುದಿಯ ಪ್ಲಗ್ಗು ತೆಗೆದು ಟಿಕ್ ಎಂಬ ಸದ್ದು ಬರುವವರೆಗೆ ಮತ್ತೆ ಒತ್ತಿ. ಪ್ಲಗ್ಗಿನ ನಾಲಿಗೆ ಮುರಿದಿದ್ದರೆ ಸದ್ದು ಬರುವುದಿಲ್ಲ. ಫ್ಯಾನಿನ ಗಾಳಿಗೆ, ಕಸಬರಿಕೆ ತಾಗಿದ್ದಕ್ಕೆ ಹೊರಜಾರುವ ಪ್ಲಗ್ಗು ಅದು. ತಲೆ ಬದಲಿಸಲೇಬೇಕು.
2. ರೂಟರಿನಲ್ಲಿ ಬೇರೆ ಲ್ಯಾನ್ ಪೋರ್ಟಿಗೆ ಹಾಕಿ. ಕೆಲವು ಬಾಕ್ಸುಗಳಲ್ಲಿ ಒಂದು ಪೋರ್ಟನ್ನು ಟಿವಿ ಬಾಕ್ಸಿಗೆಂದು ಮೀಸಲಿಟ್ಟಿರುತ್ತಾರೆ. ಅಲ್ಲಿ ದೀಪ ಉರಿದರೂ ನೆಟ್ ಬಾರದು. ಮೊದಲ ಪೋರ್ಟೇ ವಾಸಿ. ಪ್ರತ್ಯೇಕ ರೂಟರ್ ಇದ್ದರೆ ಓಎನ್‌ಟಿಯಿಂದ ಬಂದ ಕೇಬಲ್ ವ್ಯಾನ್ ಎಂದು ಬರೆದ, ಬಣ್ಣ ಬೇರೆಯಿರುವ ತೂತಿಗೆ ಹೋಗಬೇಕು, ಡೆಸ್ಕ್‌ಟಾಪಿನದು ಲ್ಯಾನ್ ತೂತಿಗೆ. ಗುಡಿಸಿ ಒರೆಸುವ ದಿನ ಇವೆರಡು ಅದಲುಬದಲಾಗುವುದುಂಟು.
3. ಸರಿಯಿದೆ ಎಂದು ಖಚಿತವಿರುವ ಒಂದು ಗಿಡ್ಡ ಕೇಬಲ್ ತಂದು ಡೆಸ್ಕ್‌ಟಾಪನ್ನು ರೂಟರಿನ ಪಕ್ಕವೇ ಇಟ್ಟು ಹಾಕಿ ನೋಡಿ. ದೀಪ ಉರಿದರೆ ಹಳೆಯ ಕೇಬಲಿನದೇ ತಪ್ಪು.
4. ಉರಿಯದಿದ್ದರೆ ಅದೇ ಕೇಬಲನ್ನು ಒಂದು ಲ್ಯಾಪ್‌ಟಾಪಿಗೆ ಹಾಕಿ. ಅಲ್ಲಿ ಉರಿದರೆ ಡೆಸ್ಕ್‌ಟಾಪಿನ ಪೋರ್ಟು, ಅಲ್ಲೂ ಉರಿಯದಿದ್ದರೆ ರೂಟರಿನದು.

ಇಲ್ಲೊಂದು ಉಪಾಯವಿದೆ. ಡೆಸ್ಕ್‌ಟಾಪ್ ಶಟ್‌ಡೌನ್ ಆಗಿದ್ದು ಪ್ಲಗ್ಗಿಗೆ ಕರೆಂಟಿದ್ದಾಗ ಹಲವು ಮದರ್‌ಬೋರ್ಡುಗಳಲ್ಲಿ ಲ್ಯಾನ್ ದೀಪ ಉರಿಯುತ್ತಲೇ ಇರುತ್ತದೆ. ಆಗ ಉರಿದು, ವಿಂಡೋಸ್ ತೆರೆದುಕೊಳ್ಳುವಾಗ ಆರಿದರೆ ತಂತಿಯೂ ಪೋರ್ಟೂ ಚೆನ್ನಾಗಿವೆ, ತಪ್ಪು ಡ್ರೈವರಿನದು, ಅಂದರೆ ಲ್ಯಾನ್ ಚಿಪ್ಪನ್ನು ನಡೆಸುವ ತಂತ್ರಾಂಶದ್ದು. ಒಂದು ಸ್ಕ್ರೂ ಬಿಚ್ಚದೆ ಇಷ್ಟು ತಿಳಿಯುತ್ತದೆ.

ಮನೆಯ ನೆಟ್ಟೇ ಒಮ್ಮೆಗೆ ಹುಚ್ಚು ಹಿಡಿದಂತಾಗಿ ಎಲ್ಲ ಲ್ಯಾನ್ ದೀಪಗಳೂ ಒಂದೇ ಸಮನೆ ಮಿನುಗುತ್ತಿದ್ದರೆ ಒಂದೇ ಕೇಬಲಿನ ಎರಡೂ ತುದಿ ಒಂದೇ ರೂಟರಿಗೆ ಸಿಕ್ಕಿವೆಯೇ ನೋಡಿ. ಬಿಡಿಯಾಗಿ ನೇತಾಡುವ ತುದಿಯನ್ನು ಖಾಲಿ ತೂತಿಗೆ ಚುಚ್ಚುವ ಒಳ್ಳೆಯ ಮನಸ್ಸಿನವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ.

ತಂತಿ, ತಲೆ, ಕಿಲುಬು

ಸಮುದ್ರದಿಂದ ಬೀಸುವ ಗಾಳಿಯಲ್ಲಿ ಉಪ್ಪಿದೆ, ಜೂನಿನಿಂದ ಸೆಪ್ಟೆಂಬರ್‌ವರೆಗೆ ತೇವ ಆರುವುದೇ ಇಲ್ಲ. ಮಲ್ಪೆ, ಕಾಪು, ಸುರತ್ಕಲ್, ಉಳ್ಳಾಲದಂಥ ಕಡಲ ಬದಿಯ ಮನೆಗಳಲ್ಲಿ ಬಾಗಿಲ ಕೀಲು ತುಕ್ಕು ಹಿಡಿಯುವಂತೆ ಲ್ಯಾನ್ ಪ್ಲಗ್ಗೂ ಹಾಳಾಗುತ್ತದೆ. ಪ್ಲಗ್ಗಿನ ಎಂಟು ಪಿನ್ನುಗಳ ಮೇಲಿರುವುದು ತೀರ ತೆಳುವಾದ ಚಿನ್ನದ ಲೇಪ. ಅಗ್ಗದ ಪ್ಲಗ್ಗುಗಳಲ್ಲಿ ಅದು ಹೆಸರಿಗಷ್ಟೇ. ಲೇಪ ಸವೆದಲ್ಲಿ ಹಸಿರು ಅಥವಾ ಕಪ್ಪು ಕಿಲುಬು ಕಟ್ಟುತ್ತದೆ. ಟಾರ್ಚ್ ಹಿಡಿದು ಪ್ಲಗ್ಗನ್ನೂ ತೂತಿನ ಒಳಗನ್ನೂ ನೋಡಿ. ತೂತಿನೊಳಗೆ ಎಂಟು ಸ್ಪ್ರಿಂಗ್ ತಂತಿಗಳು ಒಂದೇ ಮಟ್ಟದಲ್ಲಿ ಸಾಲಾಗಿರಬೇಕು. ಒಂದು ಒಳಗೆ ಬಾಗಿದ್ದರೆ ಅಥವಾ ಪಕ್ಕದ್ದರ ಮೇಲೆ ಹತ್ತಿದ್ದರೆ ಅದೇ ದೋಷ. ಇರುವೆ ಗೂಡು, ಜೇಡರ ಬಲೆ, ಹಲ್ಲಿಯ ಹಿಕ್ಕೆ ಸಿಗುವುದೂ ಅಪರೂಪವಲ್ಲ.

ಸ್ವಚ್ಛ ಮಾಡಲು ಕರೆಂಟು ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೃದು ಬ್ರಶ್ಶಿನಿಂದ ಉಜ್ಜಿ, ಹದಿನೈದು ನಿಮಿಷ ಆರಲು ಬಿಡಿ. ಎಣ್ಣೆ, ಸೀಮೆಎಣ್ಣೆ, ಮರಳು ಕಾಗದ ಬೇಡ. ಕಾಗದ ಉಜ್ಜಿದರೆ ಉಳಿದ ಚಿನ್ನವೂ ಹೋಗಿ ಮುಂದಿನ ಮಳೆಗಾಲಕ್ಕೆ ಕಿಲುಬು ಇಮ್ಮಡಿ. ಪ್ಲಗ್ಗಿನ ಪಿನ್ನು ಕಪ್ಪಾಗಿದ್ದರೆ ಉಜ್ಜುತ್ತ ಕೂರುವ ಬದಲು ಕತ್ತರಿಸಿ ಹೊಸ ತಲೆ ಹಾಕುವುದೇ ಸರಿ.

ತಲೆ ಹಾಕುವುದು ಕಷ್ಟವಲ್ಲ. ಪ್ಲಗ್ಗನ್ನು ತಂತಿಗೆ ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲ್, ನಾಲ್ಕೈದು ಪ್ಲಗ್ಗು, ಎರಡು ತುಂಡಿನ ಕೇಬಲ್ ಟೆಸ್ಟರ್ ಇದ್ದರೆ ಸಾಕು. ಮೇಲಿನ ಸಿಪ್ಪೆಯನ್ನು ಸುಮಾರು ಒಂದು ಇಂಚು ಸುಲಿಯಿರಿ. ಒಳಗಿನ ನಾಲ್ಕು ಜೋಡಿಗಳನ್ನು ಬಿಡಿಸಿ ಈ ಸಾಲಿನಲ್ಲಿ ಇಡಿ: ಕಿತ್ತಳೆ ಪಟ್ಟೆಯ ಬಿಳಿ, ಕಿತ್ತಳೆ, ಹಸಿರು ಪಟ್ಟೆಯ ಬಿಳಿ, ನೀಲಿ, ನೀಲಿ ಪಟ್ಟೆಯ ಬಿಳಿ, ಹಸಿರು, ಕಂದು ಪಟ್ಟೆಯ ಬಿಳಿ, ಕಂದು. ತುದಿಗಳನ್ನು ಅರ್ಧ ಇಂಚಿಗೆ ಸಮವಾಗಿ ಕತ್ತರಿಸಿ. ಪ್ಲಗ್ಗಿನ ನಾಲಿಗೆ ಕೆಳಗೆ, ತಂತಿ ಹೋಗುವ ಬಾಯಿ ನಿಮ್ಮ ಕಡೆಗೆ ಇರುವಂತೆ ಹಿಡಿದರೆ ಕಿತ್ತಳೆ ಪಟ್ಟೆಯದು ಎಡಗಡೆಗೆ ಬರಬೇಕು. ಎಂಟೂ ತುದಿಗಳು ಪ್ಲಗ್ಗಿನ ಮುಂದಿನ ಗೋಡೆಗೆ ಮುಟ್ಟಿವೆಯೇ, ಹೊರಸಿಪ್ಪೆ ಪ್ಲಗ್ಗಿನ ಒಳಗೆ ಸೇರಿದೆಯೇ ನೋಡಿ ಒತ್ತಿ. ಸಿಪ್ಪೆ ಹೊರಗುಳಿದು ಬಣ್ಣದ ತಂತಿಗಳು ಕಾಣುತ್ತಿದ್ದರೆ ಎಳೆತವೆಲ್ಲ ಪಿನ್ನಿನ ಮೇಲೆ ಬಿದ್ದು ತಿಂಗಳೊಳಗೆ ಬಿಟ್ಟುಕೊಳ್ಳುತ್ತದೆ.

ಬಣ್ಣದ ಸಾಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಎರಡೂ ಕಡೆ ಒಂದೇ ಸಾಲಿದ್ದರೆ ಸಾಕು, ಯಾವ ಸಾಲಾದರೇನು ಎಂಬ ನಂಬಿಕೆ ಕೆಲವು ಲೈನಿನವರಲ್ಲೂ ಇದೆ. ಅದು ತಪ್ಪು. ಮಾಹಿತಿ ಹೋಗುವುದು ಹೆಣೆದ ಜೋಡಿಗಳಲ್ಲಿ: 1 ಮತ್ತು 2, 3 ಮತ್ತು 6, 4 ಮತ್ತು 5, 7 ಮತ್ತು 8. ಜೋಡಿ ಜೋಡಿಯಾಗಿ ಕಿತ್ತಳೆ, ಹಸಿರು, ನೀಲಿ, ಕಂದು ಎಂದು ಪಕ್ಕಪಕ್ಕ ಹಾಕಿದರೆ 3 ಮತ್ತು 6ನೆಯ ಪಿನ್ನಿಗೆ ಬೇರೆ ಬೇರೆ ಜೋಡಿಯ ತಂತಿ ಬಿದ್ದು ಒಂದರ ಸಂಕೇತ ಇನ್ನೊಂದಕ್ಕೆ ಹಾರುತ್ತದೆ. ಎಂಟು ದೀಪದ ಅಗ್ಗದ ಟೆಸ್ಟರ್ ಇದನ್ನು ಹಿಡಿಯುವುದಿಲ್ಲ, ಎಲ್ಲ ಸರಿ ಎನ್ನುತ್ತದೆ. ಎರಡು ಮೀಟರಿನಲ್ಲಿ ಓಡುತ್ತದೆ ಕೂಡ. ಕೆಳಗಿನ ಚಾವಡಿಯಿಂದ ಮಹಡಿಗೆ ಎಳೆದಾಗ ತಡವರಿಸುತ್ತದೆ.

ವೇಗದ ಲೆಕ್ಕಕ್ಕೂ ಇದೇ ಜೋಡಿಗಳೇ ಮುಖ್ಯ. 100 ಎಂಬಿಪಿಎಸ್ ಸಂಪರ್ಕಕ್ಕೆ 1, 2, 3, 6 ಎಂಬ ನಾಲ್ಕೇ ತಂತಿ ಸಾಕು, 1000ಕ್ಕೆ ಎಂಟೂ ಬೇಕು. ನೀಲಿಯಲ್ಲೋ ಕಂದಿನಲ್ಲೋ ಒಂದು ತಂತಿ ಬಿಟ್ಟರೆ ನೆಟ್ ನಿಲ್ಲುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. 200ರ ಪ್ಲಾನಿಗೆ ಹಣ ಕಟ್ಟಿ ಡೆಸ್ಕ್‌ಟಾಪಿನ ಸ್ಪೀಡ್ ಟೆಸ್ಟಿನಲ್ಲಿ ಯಾವಾಗಲೂ 94, 95ರ ಸುತ್ತ ಬರುತ್ತಿದ್ದರೆ, ವೈಫೈಯಲ್ಲಿ ಅದಕ್ಕಿಂತ ಹೆಚ್ಚು ಬರುತ್ತಿದ್ದರೆ, ಆಪರೇಟರನ್ನು ಬೈಯುವ ಮೊದಲು ಈ ಎಂಟು ತಂತಿ ಎಣಿಸಿ. ಪರೀಕ್ಷಿಸುವುದು ಸುಲಭ. ವಿಂಡೋಸ್ ಕೀಲಿಯೊಂದಿಗೆ ಆರ್ ಒತ್ತಿ, ಎನ್.ಸಿ.ಪಿ.ಎ. ಡಾಟ್ ಸಿ.ಪಿ.ಎಲ್. ಎಂದು ಟೈಪ್ ಮಾಡಿ ಎಂಟರ್ ಒತ್ತಿ. ತೆರೆದ ಕಿಟಕಿಯಲ್ಲಿ ಈಥರ್‌ನೆಟ್ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಸ್ಪೀಡ್ ಎಂಬಲ್ಲಿ 1.0 ಜಿಬಿಪಿಎಸ್ ಅಥವಾ 100.0 ಎಂಬಿಪಿಎಸ್ ಎಂದು ಕಾಣುತ್ತದೆ. ರೂಟರಿನ ಪೋರ್ಟೇ 100ರದ್ದಾಗಿದ್ದರೆ ಕೇಬಲ್ ಬದಲಿಸಿ ಪ್ರಯೋಜನವಿಲ್ಲ. ಹಳೆಯ, ಅಗ್ಗದ ರೂಟರುಗಳಲ್ಲಿ ಹಾಗಿರುತ್ತದೆ.

ಹೊಸ ಕೇಬಲ್ ಕೊಳ್ಳುವಾಗ ಕ್ಯಾಟ್ 5ಇ ಅಥವಾ ಕ್ಯಾಟ್ 6 ಎಂದು ಅದರ ಮೈಮೇಲೆ ಅಚ್ಚಾಗಿದ್ದರೆ ಸಾಲದು, ಪೂರ್ತಿ ತಾಮ್ರವೇ ಎಂದು ಕೇಳಿ. ಅಲ್ಯೂಮಿನಿಯಂ ತಂತಿಗೆ ತಾಮ್ರ ಬಳಿದ ಕೇಬಲ್ ಅರ್ಧ ಬೆಲೆಗೆ ಸಿಗುತ್ತದೆ, ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ, ನಮ್ಮ ಹವೆಯಲ್ಲಿ ಬೇಗ ತಿನ್ನಿಹೋಗುತ್ತದೆ. ಬ್ಲೇಡಿನಿಂದ ತಂತಿಯ ಮೈ ಕೆರೆಯಿರಿ; ಒಳಗೆ ಬೆಳ್ಳಗೆ ಕಂಡರೆ ಬೇಡವೆನ್ನಿ. ಒಂದು ಉದ್ದಕ್ಕೆ ಮಿತಿ 100 ಮೀಟರ್. ಮನೆಯೊಳಗೆ ಅಷ್ಟು ಬೇಕಾಗದು, ತೋಟದಾಚೆಯ ಮನೆಗೆ ಎಳೆಯುವವರು ನೆನಪಿಡಬೇಕು.

ಹೊರಗೋಡೆಯ ಮೇಲೆ ಕೇಬಲ್ ಎಳೆದಿದ್ದರೆ ಅದು ಬಿಸಿಲಿಗೆ ತಡೆಯುವ ಕಪ್ಪು ಹೊರಸಿಪ್ಪೆಯದೇ ಆಗಿರಲಿ. ಒಳಾಂಗಣದ ಬೂದು ಕೇಬಲಿನ ಸಿಪ್ಪೆ ಬಿಸಿಲಿಗೆ ಬಿರಿದು, ಜೋರು ಮಳೆಗೆ ನೀರು ಒಳಸೇರಿ, ಕೊಳವೆಯಲ್ಲಿ ಹರಿದಂತೆ ಇಳಿಜಾರಿಗೆ ಹರಿದು ಸೀದಾ ಡೆಸ್ಕ್‌ಟಾಪಿನ ತೂತಿಗೇ ಬರುತ್ತದೆ. ಕಿಟಕಿಯಿಂದ ಒಳಬರುವ ಮೊದಲು ಕೇಬಲನ್ನು ಒಂದು ಗೇಣು ಕೆಳಗೆ ಬಳುಕಿಸಿ ಮತ್ತೆ ಮೇಲಕ್ಕೆ ತನ್ನಿ. ನೀರು ಆ ಬಳುಕಿನ ತಳದಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಹಂಚಿನ ಮನೆಯ ಅಟ್ಟದ ಮೇಲೆ ಹೋದ ಕೇಬಲನ್ನು ಇಲಿ, ಅಳಿಲು ಕಡಿಯುತ್ತವೆ. ಅಲ್ಲಿ ಪಿವಿಸಿ ಕೊಳವೆಯೊಳಗೆ ಹಾಕದೆ ಬೇರೆ ದಾರಿಯಿಲ್ಲ.

ಸಿಡಿಲು ಬಂದು ಹೋದ ಮೇಲೆ

ಏಪ್ರಿಲ್, ಮೇ ತಿಂಗಳ ಸಂಜೆ, ಮತ್ತೆ ಮಳೆ ಹಿಂದೆ ಸರಿಯುವ ಅಕ್ಟೋಬರ್ ಹೊತ್ತಿಗೆ ಈ ಭಾಗದ ಕಂಪ್ಯೂಟರ್ ರಿಪೇರಿಯವರಿಗೆ ಬಿಡುವಿರುವುದಿಲ್ಲ. ಮನೆಯ ಮೇಲೆಯೇ ಸಿಡಿಲು ಬೀಳಬೇಕೆಂದಿಲ್ಲ. ಹತ್ತಿರದಲ್ಲಿ ಬಿದ್ದರೂ ಉದ್ದವಾದ ತಾಮ್ರದ ತಂತಿಯಲ್ಲಿ ಕ್ಷಣಮಾತ್ರದ ದೊಡ್ಡ ವೋಲ್ಟೇಜ್ ಹುಟ್ಟುತ್ತದೆ, ಅದು ನುಗ್ಗುವ ದಾರಿ ಪ್ಲಗ್ಗು ಮಾತ್ರವಲ್ಲ, ಲ್ಯಾನ್ ತೂತೂ ಹೌದು. ಸಿಡಿಲು ಬರುವಾಗ ಪ್ಲಗ್ಗು ಕಿತ್ತು ಲ್ಯಾನ್ ಕೇಬಲ್ ಹಾಗೇ ಬಿಟ್ಟವರ ಮದರ್‌ಬೋರ್ಡು ಉಳಿದು ಲ್ಯಾನ್ ಚಿಪ್ ಮಾತ್ರ ಸುಡುವುದು ಇದರಿಂದಲೇ.

ಸುಟ್ಟಿದೆ ಎಂದು ತೀರ್ಮಾನಿಸುವ ಮೊದಲು ಒಂದು ಪ್ರಯತ್ನ. ಶಟ್‌ಡೌನ್ ಮಾಡಿ, ಪ್ಲಗ್ಗೂ ಲ್ಯಾನ್ ಕೇಬಲೂ ಕಿತ್ತು, ಪವರ್ ಬಟನನ್ನು 30 ಸೆಕೆಂಡು ಒತ್ತಿ ಹಿಡಿಯಿರಿ. ಐದು ನಿಮಿಷ ಬಿಟ್ಟು ಮತ್ತೆ ಹಾಕಿ. ಶಟ್‌ಡೌನ್ ಆದರೂ ಲ್ಯಾನ್ ಚಿಪ್ಪಿಗೆ ಸ್ವಲ್ಪ ಕರೆಂಟು ಹೋಗುತ್ತಲೇ ಇರುತ್ತದೆ. ಅದು ಗೊಂದಲಕ್ಕೆ ಬಿದ್ದು ನಿಂತಿದ್ದರೆ ರೀಸ್ಟಾರ್ಟ್‌ನಿಂದ ಎಚ್ಚರವಾಗುವುದಿಲ್ಲ, ಪೂರ್ತಿ ಕರೆಂಟು ತೆಗೆದರೆ ಆಗುತ್ತದೆ.

ಆಗಲೂ ಯಾವ ಕೇಬಲಿಗೂ ದೀಪ ಉರಿಯದಿದ್ದರೆ ಅಥವಾ ಡಿವೈಸ್ ಮ್ಯಾನೇಜರಿನ ನೆಟ್‌ವರ್ಕ್ ಅಡಾಪ್ಟರ್ಸ್ ಪಟ್ಟಿಯಲ್ಲಿ ಲ್ಯಾನಿನ ಹೆಸರೇ ಇಲ್ಲದಿದ್ದರೆ ಬಯಾಸಿಗೆ (ವಿಂಡೋಸ್ ತೆರೆಯುವ ಮೊದಲೇ ಸಿಗುವ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಹೋಗಿ ಆನ್‌ಬೋರ್ಡ್ ಲ್ಯಾನ್ ಎಂಬುದು ಎನೇಬಲ್ ಇದೆಯೇ ನೋಡಿ. ಇದ್ದೂ ಕಾಣದಿದ್ದರೆ ಚಿಪ್ ಹೋಗಿದೆ. ಇದಕ್ಕಾಗಿ ಮದರ್‌ಬೋರ್ಡ್ ಬದಲಿಸಬೇಕೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಪಿಸಿಐ ಎಕ್ಸ್‌ಪ್ರೆಸ್ ಗಿಗಾಬಿಟ್ ಲ್ಯಾನ್ ಕಾರ್ಡು ಅಥವಾ ಯುಎಸ್‌ಬಿ 3.0 ಲ್ಯಾನ್ ಅಡಾಪ್ಟರ್ ಸಾಕು. ಸುಟ್ಟದ್ದನ್ನು ಬಯಾಸಿನಲ್ಲಿ ಡಿಸೇಬಲ್ ಮಾಡಿ. ಒಂದು ಎಚ್ಚರಿಕೆ: ಡೆಸ್ಕ್‌ಟಾಪಿನಿಂದಲೇ ನೇರ ಲಾಗಿನ್ ಆಗುವ ಸಂಪರ್ಕಗಳಲ್ಲಿ ಕೆಲವು ಆಪರೇಟರುಗಳು ಲ್ಯಾನ್ ಕಾರ್ಡಿನ ಮ್ಯಾಕ್ ವಿಳಾಸವನ್ನು (ಪ್ರತಿ ಕಾರ್ಡಿಗೂ ಇರುವ ಗುರುತಿನ ಸಂಖ್ಯೆ) ಖಾತೆಗೆ ಕಟ್ಟಿಹಾಕಿರುತ್ತಾರೆ. ಕಾರ್ಡು ಹೊಸದಾದರೆ ಹೊಸ ವಿಳಾಸ ತಿಳಿಸುವವರೆಗೆ ನೆಟ್ ಬಾರದು.

ಸಾಮಾನ್ಯ ಸ್ಪೈಕ್ ಗಾರ್ಡ್ ಲ್ಯಾನ್ ತಂತಿಯನ್ನು ಕಾಯುವುದಿಲ್ಲ. ಲ್ಯಾನ್ ತೂತಿರುವ ಯುಪಿಎಸ್ ಕಾಯುತ್ತದೆ, ಆದರೆ ಅರ್ಥಿಂಗ್ ಚೆನ್ನಾಗಿದ್ದರೆ ಮಾತ್ರ. ಮುರಕಲ್ಲಿನ ಗುಡ್ಡದ ಮೇಲಿನ ಮನೆಗಳಲ್ಲಿ ಬೇಸಿಗೆಗೆ ಅರ್ಥಿಂಗ್ ಗುಂಡಿ ಬಿರುಕು ಬಿಡುವಷ್ಟು ಒಣಗಿರುತ್ತದೆ. ಸಿಡಿಲು ಶುರುವಾಗುವುದೂ ಆಗಲೇ. ಮಾರ್ಚಿನಿಂದ ಮಳೆ ಹಿಡಿಯುವವರೆಗೆ ವಾರಕ್ಕೊಂದೆರಡು ಕೊಡಪಾನ ನೀರು ಹೊಯ್ಯಿರಿ. ಫೈಬರಿನ ಗಾಜು ಕರೆಂಟು ಹರಿಸುವುದಿಲ್ಲ ನಿಜ, ಅದಕ್ಕೆ ಆಧಾರವಾಗಿ ಬರುವ ಉಕ್ಕಿನ ತಂತಿ ಹರಿಸುತ್ತದೆ. ಆ ಉಕ್ಕು ಹೊರಗೋಡೆಯ ಕೊಕ್ಕೆಯಲ್ಲೇ ನಿಲ್ಲಬೇಕು, ಒಳಗಿನ ಬಾಕ್ಸಿನವರೆಗೆ ಬರಬಾರದು. ಎರಡು ಕಟ್ಟಡಗಳ ನಡುವೆ ತಾಮ್ರದ ಲ್ಯಾನ್ ಎಳೆದವರು ಪ್ರತಿ ವರ್ಷ ಪೋರ್ಟು ಸುಡಿಸಿಕೊಳ್ಳುವ ಬದಲು ಫೈಬರ್ ಮತ್ತು ಒಂದು ಜೊತೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲಿಗೆ ಜೋಡಿಸುವ ಡಬ್ಬಿ) ಹಾಕಿಸಿದರೆ ಖರ್ಚು ಒಂದೇ ಸಲಕ್ಕೆ ಮುಗಿಯುತ್ತದೆ.

ದೀಪ ಉರಿಯುತ್ತಿದೆ, ನೆಟ್ ಇಲ್ಲ

ಈಗ ಕೀಲಿಮಣೆ. ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ, ಒತ್ತುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಿ. ಸ್ಟಾರ್ಟ್‌ನಲ್ಲಿ ಸಿ.ಎಂ.ಡಿ. ಎಂದು ಹುಡುಕಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಐಪಿ ಮತ್ತು ಕಾನ್ಫಿಗ್ ಎರಡನ್ನೂ ನಡುವೆ ಜಾಗ ಬಿಡದೆ ಒಂದೇ ಪದವಾಗಿ ಬರೆದು ಎಂಟರ್ ಒತ್ತಿ. ಈಥರ್‌ನೆಟ್ ಎಂಬ ಭಾಗದಲ್ಲಿ ಐಪಿವಿ4 ವಿಳಾಸ ನೋಡಿ.

ಅದು 169.254ರಿಂದ ಶುರುವಾಗಿದ್ದರೆ ರೂಟರಿನಿಂದ ವಿಳಾಸ ಸಿಗದೆ ವಿಂಡೋಸ್ ತಾನೇ ಒಂದನ್ನು ಇಟ್ಟುಕೊಂಡಿದೆ. ರೂಟರ್ ರೀಸ್ಟಾರ್ಟ್ ಮಾಡಿ, ನಂತರ ಅದೇ ಆಜ್ಞೆಯ ನಂತರ ಜಾಗ ಬಿಟ್ಟು, ಓರೆಗೆರೆ (/) ಹಾಕಿ ರಿಲೀಸ್, ಅದು ಮುಗಿದ ಮೇಲೆ ಅದೇ ಆಜ್ಞೆಗೆ ಮತ್ತೆ ಓರೆಗೆರೆ ಹಾಕಿ ರಿನ್ಯೂ ಎಂದು ಕೊಡಿ. ಮತ್ತೂ 169 ಬಂದರೆ ಕೇಬಲ್ ಅರೆಜೀವವಾಗಿರಬಹುದು: ದೀಪ ಹೊತ್ತುವಷ್ಟು ಸಂಪರ್ಕವಿದೆ, ಮಾಹಿತಿ ದಾಟುವಷ್ಟಿಲ್ಲ. ಲ್ಯಾನ್ ದೀಪದ ಭಾಗದಲ್ಲಿ ಹೇಳಿದ ಗಿಡ್ಡ ಕೇಬಲಿನ ಪರೀಕ್ಷೆ ಮಾಡಿ.

ವಿಳಾಸ 192.168ರಿಂದ ಶುರುವಾಗಿದ್ದರೂ ಅದರ ಮೂರನೆಯ ಸಂಖ್ಯೆ ಡೀಫಾಲ್ಟ್ ಗೇಟ್‌ವೇಯ (ರೂಟರಿನ ವಿಳಾಸ) ಮೂರನೆಯ ಸಂಖ್ಯೆಯೊಂದಿಗೆ ಹೊಂದದಿದ್ದರೆ ಅಥವಾ ಗೇಟ್‌ವೇ ಖಾಲಿ ಇದ್ದರೆ ಹಿಂದೆ ಯಾರೋ ಕೈಯಾರೆ ಹಾಕಿದ ವಿಳಾಸ ಉಳಿದುಕೊಂಡಿದೆ. ಆಪರೇಟರ್ ಅಥವಾ ರೂಟರ್ ಬದಲಾದಾಗ ಇದು ಸಾಮಾನ್ಯ. ಸೆಟ್ಟಿಂಗ್ಸ್, ನೆಟ್‌ವರ್ಕ್ ಆ್ಯಂಡ್ ಇಂಟರ್‌ನೆಟ್, ಈಥರ್‌ನೆಟ್ ಎಂದು ಹೋಗಿ ಐಪಿ ಅಸೈನ್‌ಮೆಂಟನ್ನು ಆಟೊಮ್ಯಾಟಿಕ್ ಮಾಡಿ.

ವಿಳಾಸ ಸರಿಯಿದ್ದರೆ, ಆ ಕಡೆಯಿಂದ ಉತ್ತರ ಬರುತ್ತದೆಯೇ ಎಂದು ನೋಡುವ ಪಿಂಗ್ ಎಂಬ ಆಜ್ಞೆಯಿಂದ ಒಂದೊಂದೇ ಮೆಟ್ಟಿಲು ಹತ್ತಿ. ಮೊದಲು ಪಿಂಗ್ ಎಂದು ಬರೆದು ಗೇಟ್‌ವೇಯ ಸಂಖ್ಯೆ, ಸಾಮಾನ್ಯವಾಗಿ 192.168.1.1. ಉತ್ತರ ಬಂದರೆ ರೂಟರಿನವರೆಗೆ ದಾರಿ ಸರಿ. ನಂತರ ಪಿಂಗ್ 8.8.8.8, ಇದು ಹೊರಗಿರುವ ಗೂಗಲ್ ಸರ್ವರಿನ ವಿಳಾಸ. ಇಲ್ಲಿ ಉತ್ತರ ಬರದಿದ್ದರೆ ತೊಂದರೆ ರೂಟರಿನಿಂದಾಚೆ. ಉತ್ತರ ಬಂದೂ ಬ್ರೌಸರಿನಲ್ಲಿ ಏನೂ ತೆರೆಯದಿದ್ದರೆ ಡಿಎನ್‌ಎಸ್ ಕೆಟ್ಟಿದೆ: ದಾರಿಯಿದೆ, ಹೆಸರನ್ನು ಸಂಖ್ಯೆಗೆ ತಿರುಗಿಸಿ ಹೇಳುವವರಿಲ್ಲ. ಮೊದಲಿನ ಈಥರ್‌ನೆಟ್ ಪುಟದಲ್ಲೇ ಡಿಎನ್‌ಎಸ್ ಮ್ಯಾನ್ಯುವಲ್ ಮಾಡಿ 8.8.8.8 ಮತ್ತು 1.1.1.1 ಹಾಕಿ.

ಡಿಎನ್‌ಎಸ್ ಕೂಡ ಸರಿಯಿದ್ದು ಬ್ರೌಸರ್ ಮಾತ್ರ ಹಟ ಹಿಡಿದರೆ ಪ್ರಾಕ್ಸಿ (ನೆಟ್ಟನ್ನು ಇನ್ನೊಂದು ಯಂತ್ರದ ಮೂಲಕ ಹಾಯಿಸುವ ಸೆಟ್ಟಿಂಗ್) ಆನ್ ಆಗಿದೆಯೇ, ವಿಪಿಎನ್ ಅಥವಾ ಅವಧಿ ಮುಗಿದ ಆಂಟಿವೈರಸ್ ಅಡ್ಡ ನಿಂತಿದೆಯೇ ನೋಡಿ.

ಇನ್ನೊಂದು ಕಾರಣವನ್ನು ಹೆಚ್ಚಿನವರು ಊಹಿಸುವುದೇ ಇಲ್ಲ. ತೆರೆದ ಪ್ರತಿ ತಾಣವೂ ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ತೋರಿಸುತ್ತಿದ್ದರೆ ಬಲ ಮೂಲೆಯ ದಿನಾಂಕ ನೋಡಿ. ವರ್ಷ ಹಿಂದಕ್ಕೆ ಹೋಗಿದ್ದರೆ ತಾಣಗಳ ಪ್ರಮಾಣಪತ್ರ ಹೊಂದುವುದಿಲ್ಲ. ಮದರ್‌ಬೋರ್ಡಿನ ಮೇಲಿನ ಸಿಆರ್2032 ಎಂಬ ನಾಣ್ಯದಂಥ 3 ವೋಲ್ಟಿನ ಸೆಲ್ ಸತ್ತಿದೆ. ಸಿಡಿಲಿನ ಭಯಕ್ಕೆ ದಿನಾ ಪ್ಲಗ್ಗು ಕೀಳುವ ನಮ್ಮ ಮನೆಗಳಲ್ಲಿ ಇದು ಬೇಗ ಖಾಲಿಯಾಗುತ್ತದೆ; ಪ್ಲಗ್ಗಿನಲ್ಲಿ ಕರೆಂಟಿರುವಷ್ಟು ಹೊತ್ತು ಗಡಿಯಾರ ಸೆಲ್ಲನ್ನು ಬಳಸುವುದಿಲ್ಲ. ಕರೆಂಟು ತೆಗೆದು ಸೆಲ್ ಬದಲಿಸಿ, ದಿನಾಂಕ ಸರಿ ಮಾಡಿ.

ಡೆಸ್ಕ್‌ಟಾಪಿನಿಂದಲೇ ಬ್ರಾಡ್‌ಬ್ಯಾಂಡ್ ಡಯಲ್ ಮಾಡುವ ಸಂಪರ್ಕವಾದರೆ ಬರುವ ಸಂಖ್ಯೆಯೇ ಕಾರಣ ಹೇಳುತ್ತದೆ. 651 ಎಂದರೆ ಆ ಕಡೆಯಿಂದ ಉತ್ತರವೇ ಇಲ್ಲ, ತಂತಿ ಮತ್ತು ಬಾಕ್ಸು ನೋಡಿ. 691 ಎಂದರೆ ಹೆಸರು ಅಥವಾ ಪಾಸ್‌ವರ್ಡ್ ಒಪ್ಪಿಲ್ಲ. ಪ್ಲಾನ್ ಮುಗಿದಾಗ, ಹಳೆಯ ಲಾಗಿನ್ ಇನ್ನೂ ಬಿಡುಗಡೆಯಾಗದಿದ್ದಾಗಲೂ ಇದೇ ಬರಬಹುದು. ಹತ್ತು ನಿಮಿಷ ಬಿಟ್ಟು ಮತ್ತೆ ಡಯಲ್ ಮಾಡಿ.

ಡ್ರೈವರ್ ಕೆಟ್ಟಾಗ ಒಂದು ಪೇಚು: ಡ್ರೈವರ್ ಇಳಿಸಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲಿನಿಂದ ಡೆಸ್ಕ್‌ಟಾಪಿಗೆ ಸಿಕ್ಕಿಸಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿದರೆ ನೆಟ್ ಬರುತ್ತದೆ. ಮದರ್‌ಬೋರ್ಡ್ ಕಂಪನಿಯ ತಾಣದಿಂದಲೇ ಲ್ಯಾನ್ ಡ್ರೈವರ್ ಇಳಿಸಿ. ಡ್ರೈವರ್ ಹುಡುಕಿ ಕೊಡುತ್ತೇವೆ ಎನ್ನುವ ಪುಕ್ಕಟೆ ತಂತ್ರಾಂಶಗಳು ಬೇಡ. ಕೊನೆಯ ಅಸ್ತ್ರ ಸೆಟ್ಟಿಂಗ್ಸ್‌ನಲ್ಲಿರುವ ನೆಟ್‌ವರ್ಕ್ ರೀಸೆಟ್. ಅದು ಡಯಲ್ ಸಂಪರ್ಕ, ವಿಪಿಎನ್ ಸೆಟ್ಟಿಂಗ್ ಅಳಿಸಬಹುದು, ಮೊದಲೇ ಬರೆದಿಟ್ಟುಕೊಳ್ಳಿ. ಇದಾದ ಮೇಲೂ ವಿಂಡೋಸ್ ಹೊಸದಾಗಿ ಹಾಕಿಸುವ ಪ್ರಶ್ನೆ ಬಂದರೆ ಒಂದು ಪೆನ್‌ಡ್ರೈವಿನಲ್ಲಿ ಉಬುಂಟು ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಬೂಟ್ ಮಾಡಿ. ಅಲ್ಲಿ ನೆಟ್ ಬಂದರೆ ತಪ್ಪು ವಿಂಡೋಸಿನದು, ಅಲ್ಲೂ ಬಾರದಿದ್ದರೆ ಹೊಸ ವಿಂಡೋಸಿನಿಂದಲೂ ಬಾರದು.

ಬಂದು ಬಂದು ಹೋಗುವ ನೆಟ್

ಇದೇ ಹಿಡಿಯಲು ಕಷ್ಟ. ಎರಡು ಕಮಾಂಡ್ ಕಿಟಕಿ ತೆರೆದು ಒಂದರಲ್ಲಿ ಗೇಟ್‌ವೇಗೆ, ಇನ್ನೊಂದರಲ್ಲಿ 8.8.8.8ಕ್ಕೆ ಪಿಂಗ್ ಕೊಡಿ. ಸಂಖ್ಯೆಯ ನಂತರ ಜಾಗ ಬಿಟ್ಟು ಅಡ್ಡಗೆರೆ ಮತ್ತು ಟಿ ಅಕ್ಷರ ಸೇರಿಸಿದರೆ ನಿಲ್ಲಿಸುವವರೆಗೆ ಓಡುತ್ತದೆ. ನೆಟ್ ಹೋದ ಹೊತ್ತಿನಲ್ಲಿ ಎರಡೂ ನಿಂತಿದ್ದರೆ ದೋಷ ಮನೆಯೊಳಗೆ. ಕೇಬಲನ್ನು ಎರಡೂ ತುದಿಯಲ್ಲಿ ಮೆಲ್ಲನೆ ಅಲುಗಿಸಿ ನೋಡಿ. ಎರಡನೆಯದು ಮಾತ್ರ ನಿಂತಿದ್ದರೆ ಹೊರಗೆ. ನಿಂತ ಸಮಯ ಬರೆದಿಡಿ.

ಒಳಗಿನದಾಗಿದ್ದು ಕೇಬಲ್ ಹೊಸದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಲ್ಯಾನ್ ಕಾರ್ಡಿನ ಪ್ರಾಪರ್ಟೀಸ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬರ್ಥದ ಸಾಲಿನ ಗುರುತು ತೆಗೆಯಿರಿ. ಅಡ್ವಾನ್ಸ್‌ಡ್ ಪುಟದಲ್ಲಿ ಎನರ್ಜಿ ಎಫಿಶಿಯೆಂಟ್ ಈಥರ್‌ನೆಟ್, ಗ್ರೀನ್ ಈಥರ್‌ನೆಟ್ ಇದ್ದರೆ ಡಿಸೇಬಲ್ ಮಾಡಿ. ಸ್ಪೀಡ್ ಆ್ಯಂಡ್ ಡ್ಯುಪ್ಲೆಕ್ಸ್ ಆಟೊ ಆಗಿಯೇ ಇರಲಿ.

ಹೊರಗಿನದಾದರೆ ದೂರು ಕೊಡುವಾಗ ನೆಟ್ ಇಲ್ಲ ಎಂದಷ್ಟೇ ಹೇಳಿದರೆ ಅವರು ರೀಸ್ಟಾರ್ಟ್ ಮಾಡಿ ಎನ್ನುತ್ತಾರೆ. ಪಾನ್ ಮತ್ತು ಲಾಸ್ ದೀಪದ ಸ್ಥಿತಿ, ವೈಫೈಯಲ್ಲೂ ಇಲ್ಲವೆಂಬುದು, ಗೇಟ್‌ವೇಗೆ ಪಿಂಗ್ ಹೋಗುತ್ತಿದೆ 8.8.8.8ಕ್ಕೆ ಇಲ್ಲ ಎಂಬುದು, ನಿಂತ ಸಮಯಗಳು, ಇಷ್ಟನ್ನು ಹೇಳಿ ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಮಳೆ ಬಂದಾಗಲೇ ಹೋಗುತ್ತದೆ ಎಂದಾದರೆ ಅದನ್ನೂ ಹೇಳಿ, ಕಂಬದ ಮೇಲಿನ ಜಾಯಿಂಟ್ ಡಬ್ಬಿಗೆ ನೀರು ಹೋಗಿರಬಹುದು. ಆಪರೇಟರಿನ ಹುಡುಗ ಬಂದಾಗ ಮೀಟರ್ ಹಿಡಿದು ಬೆಳಕಿನ ಬಲ ಎಷ್ಟಿದೆ ಎಂದು ತೋರಿಸಲು ಹೇಳಿ. ಮೈನಸ್ 20 ಡಿಬಿಎಂ (ಬೆಳಕಿನ ಬಲದ ಅಳತೆ) ಆಸುಪಾಸಿನಲ್ಲಿದ್ದರೆ ಚೆನ್ನಾಗಿದೆ. ಮೈನಸ್ 27 ಡಿಬಿಎಂ ಹತ್ತಿರ ಇದ್ದರೆ ಬಾಕ್ಸು ಬದಲಿಸಿ ಕೊಟ್ಟರೂ ತೊಂದರೆ ಉಳಿಯುತ್ತದೆ, ಜಾಯಿಂಟನ್ನೇ ಮತ್ತೆ ಬೆಸೆಯಬೇಕು.